ಹಡಗಿನ ಪಟ್ಟಿಯಲ್ಲಿ ಮುತ್ತಾತನ ಸಹಿ

ತಮ್ಮ ಪೂರ್ವಿಕರು ಜರ್ಮನಿಯಿಂದ ವಸಾಹತುಕಾಲದ ಅಮೆರಿಕಕ್ಕೆ ಬಂದವರೆಂದು ಕೇಳಿ ಬಲ್ಲ ಕುಟುಂಬಗಳು ಮೊದಲು ತೆರೆಯುವ ಗ್ರಂಥವೊಂದಿದೆ. ರಾಲ್ಫ್ ಬೀವರ್ ಸ್ಟ್ರಾಸ್‌ಬರ್ಗರ್ ಹಾಗೂ ವಿಲಿಯಂ ಜಾನ್ ಹಿಂಕೆ ಅವರು 1934ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ 'ಪೆನ್ಸಿಲ್ವೇನಿಯ ಜರ್ಮನ್ ಪಯೊನಿಯರ್ಸ್' ಅದು. 1727ರಿಂದ 1808ರವರೆಗೆ ಫಿಲಡೆಲ್ಫಿಯ ಬಂದರಿನಲ್ಲಿ ಇಳಿದವರ ಮೂಲ ಪಟ್ಟಿಗಳೇ ಇದರ ತಿರುಳು.

ಗ್ರಂಥದ ನಿಜವಾದ ಬೆಲೆ ಎರಡನೆಯ ಸಂಪುಟದಲ್ಲಿದೆ ಎಂಬುದು ನನ್ನ ಅಭಿಮತ. ವಲಸಿಗರ ಸಹಿಗಳು ಅಲ್ಲಿ ಯಥಾವತ್ತಾಗಿ ಅಚ್ಚಾಗಿವೆ. ಕಪ್ತಾನನ ಪಟ್ಟಿಯಲ್ಲಿ ಹೆಸರುಗಳು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ವಿಕಾರಗೊಂಡಿವೆ; ಆದರೆ ಅಕ್ಷರ ಬಲ್ಲವನು ರಾಜನಿಷ್ಠೆಯ ಪ್ರಮಾಣವಚನದ ಕೆಳಗೆ ತನ್ನ ಹೆಸರನ್ನು ತಾನೇ ಜರ್ಮನ್ ಲಿಪಿಯಲ್ಲಿ ಬರೆದಿದ್ದಾನೆ. ಅಕ್ಷರ ಬಾರದವನು ಗುರುತು ಹಾಕಿದ್ದಾನೆ. ಮುಂದೆ ಮಿಲ್ಲರ್ ಆದವರು ಮ್ಯೂಲರ್‌ಗಳು, ಕಾರ್ಪೆಂಟರ್ ಆದವರಲ್ಲಿ ಕೆಲವರು ತ್ಸಿಮ್ಮರ್‌ಮನ್‌ಗಳು. ಗುಮಾಸ್ತನ ಅಂದವಾದ ಬರಹಕ್ಕಿಂತ ರೈತನ ಆ ಒರಟು ಕೈಬರಹವೇ ಹೆಚ್ಚು ನಂಬಲರ್ಹ.

ಆದರೆ ಪಟ್ಟಿಯ ಮೌನವನ್ನೂ ಗಮನಿಸಬೇಕು. ಸಹಿ ಹಾಕಿದವರು ಹದಿನಾರು ತುಂಬಿದ ಗಂಡಸರು ಮಾತ್ರ. ತಾಯಂದಿರೂ ಮಕ್ಕಳೂ ಕಪ್ತಾನರ ಕೆಲವೇ ಪಟ್ಟಿಗಳಲ್ಲಿ ಕಾಣಸಿಗುತ್ತಾರೆ. ಹುಟ್ಟೂರಿನ ಹೆಸರು ಸಾಮಾನ್ಯವಾಗಿ ಇಲ್ಲವೇ ಇಲ್ಲ. 'ಪ್ಯಾಲಟೈನ್' ಎಂಬ ಒಂದೇ ಪದದಡಿ ವ್ಯುರ್ಟೆಂಬೆರ್ಗಿನವನೂ ಸ್ವಿಸ್ ನಾಡಿನವನೂ ಸೇರಿಹೋಗಿದ್ದಾರೆ. ಅವಸರದ ವಂಶಾವಳಿಗಾರರು ಎಡವುವುದು ಇಲ್ಲಿಯೇ. ಪಟ್ಟಿಯಲ್ಲೊಬ್ಬ ಯೋಹಾನ್ ಗೆಯೋರ್ಗ್ ಮ್ಯೂಲರ್ ಸಿಕ್ಕರೆ ಸಾಕು, ಅವನೇ ನಮ್ಮ ಮುತ್ತಾತ! ಯೋಹಾನ್ ಎಂಬುದಾದರೋ ದೀಕ್ಷಾಸ್ನಾನದಲ್ಲಿ ಅಣ್ಣತಮ್ಮಂದಿರೆಲ್ಲರಿಗೂ ಸಿಗಬಹುದಾಗಿದ್ದ ಮುಂಪದ. ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಹೆಸರು ಹೊಂದಿದ ಮಾತ್ರಕ್ಕೆ ಒಪ್ಪಿಕೊಂಡರೆ ಬೇರೊಬ್ಬರ ಮೃತರನ್ನು ನಮ್ಮ ಮನೆಯ ಪ್ರಾರ್ಥನೆಗೆ ತಂದುಕೊಂಡಂತಾದೀತು. ನಮ್ಮವರು ಮರೆಯಲ್ಲೇ ಉಳಿದಾರು.

ಈ ಕೊರತೆಯನ್ನು ತುಂಬುವ ಬಗೆಯನ್ನು ಆನೆಟ್ ಬರ್ಗರ್ಟ್ ಅವರು ಉತ್ತರ ಕ್ರೈಖ್‌ಗೌ ಪ್ರದೇಶದ ವಲಸಿಗರನ್ನು ಕುರಿತ 1983ರ ಸಂಪುಟದಲ್ಲಿ ತೋರಿಸಿದರು. ಊರ ಚರ್ಚಿನ ದಾಖಲೆ, ಹಡಗಿನ ಪಟ್ಟಿ, ಪೆನ್ಸಿಲ್ವೇನಿಯದ ಚರ್ಚಿನ ದಾಖಲೆ, ಇವುಗಳನ್ನು ಅವರು ತಾಳೆ ನೋಡಿದರು. ನಿಧಾನದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಕಥೋಲಿಕ ಓದುಗರಿಗೆ ಇನ್ನೊಂದು ಮಾತು. ವಲಸಿಗರು ಸಹಿ ಹಾಕಿದ ಘೋಷಣೆಯಲ್ಲಿ, ಪೋಪರು ಬಹಿಷ್ಕರಿಸಿದ ಅರಸರನ್ನು ಪ್ರಜೆಗಳು ಕೊಲ್ಲಬಹುದೆಂಬ ಬೋಧನೆಯನ್ನು ಧಿಕ್ಕರಿಸುವ ವಾಕ್ಯವಿತ್ತು. ಅಂತಹ ನಾಡಿಗೆ 1741ರಲ್ಲಿ ಬಂದ ಯೇಸುಸಭೆಯ ಗುರು ಥಿಯೊಡೋರ್ ಶ್ನೈಡರ್ ಗೋಷೆನ್‌ಹಾಪನ್‌ನಲ್ಲಿ ನೆಲೆಸಿ, ಮನೆಮನೆಗೆ ತೆರಳಿ ನೀಡಿದ ದೀಕ್ಷಾಸ್ನಾನಗಳನ್ನು ದಾಖಲಿಸಿದರು. ಹಡಗಿನ ಪಟ್ಟಿ ಬಿಟ್ಟುಹೋದ ಎಷ್ಟೋ ತಾಯಂದಿರು ಅವರ ಪುಸ್ತಕದಲ್ಲಿ ಹೆಸರು ಸಮೇತ ಇದ್ದಾರೆ, ಪಕ್ಕದಲ್ಲಿ ಜ್ಞಾನಮಾತಾಪಿತರೊಡನೆ.