ಮನೆ, ಮಣೆ ಮತ್ತು ಬೆರಳು

ಹಾರ್ಮೋನಿಯಂ ಪೆಟ್ಟಿಗೆಯ ಮೇಲಿನ ಕಪ್ಪು–ಬಿಳಿ ಪಟ್ಟಿಗಳಿಗೆ ನಮ್ಮಲ್ಲಿ ‘ಮನೆ’ ಎಂದು ಹೆಸರು. ಕಂಪ್ಯೂಟರಿನ ಗುಂಡಿಗಳ ಹಲಗೆಗೆ ‘ಕೀಲಿಮಣೆ’. ಒಂದರಲ್ಲಿ ನ, ಇನ್ನೊಂದರಲ್ಲಿ ಣ. ನಮ್ಮ ತುಮಕೂರು ಜಿಲ್ಲೆಯ ಬೆಳ್ಳಾವಿಯಲ್ಲಿ ಯಾವ ಮಗುವನ್ನು ಕೇಳಿದರೂ ಮನೆ ಬೇರೆ, ಮಣೆ ಬೇರೆ ಎನ್ನುತ್ತದೆ. ಆದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರ ಕೈಯಲ್ಲಿ ಎರಡೂ ಒಂದೇ: ಎಂ, ಎ, ಎನ್, ಇ.

ಇದು ಕಾಗುಣಿತದ ಸಣ್ಣ ತಕರಾರಲ್ಲ. ಬೆಲೆ, ಬೆಳೆ, ಬೇಳೆ ಮೂರನ್ನೂ ಜನ ಹೀಗೆ ಒಂದೇ ನಾಲ್ಕು ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ಸಂತೆಗೆ ಹೋದವರಿಗೆ ಮನೆಯಿಂದ ಇಂಗ್ಲಿಷ್ ಅಕ್ಷರದಲ್ಲಿ ‘ಬೆಲೆ ಎಷ್ಟು’ ಎಂದು ಬಂದ ಸಂದೇಶ ತೊಗರಿಬೇಳೆಯ ಮಾತೋ, ಹೊಲದ ಬೆಳೆಯ ಮಾತೋ, ಕೊಬ್ಬರಿಯ ಧಾರಣೆಯ ಮಾತೋ ಎಂದು ಹಿಂದುಮುಂದು ನೋಡಿ ತಿಳಿಯಬೇಕು. ಬಾಯಲ್ಲಿ ಸ್ಪಷ್ಟವಾಗಿರುವ ನುಡಿ ಬೆರಳಿಗೆ ಬಂದಾಗ ಮಂಕಾದರೆ ಅದು ಸಾಧನದ ದೋಷ. ಈ ದೋಷಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ, ಕನ್ನಡಿಗರೊಬ್ಬರು ಅದನ್ನು ಆಗಲೇ ಮಾಡಿಟ್ಟಿದ್ದಾರೆ. ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯನ್ನು ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ಅದರ ಗುಣ–ದೋಷ ನೋಡಬೇಕಾದದ್ದು ಅದಕ್ಕಾಗಿಯೇ.

ಆ ಕೆಲಸಕ್ಕೆ ಮೊದಲು ಹಾರ್ಮೋನಿಯಂ ಕಡೆಗೆ ಹೋಗಿ ಬರುವುದು ಒಳ್ಳೆಯದು. ಕೀಲಿಮಣೆಯ ಹಾಗೆ ಅದೂ ಹೊರಗಿನಿಂದ ಬಂದದ್ದು. 19ನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು, ಕಲ್ಕತ್ತೆಯಲ್ಲಿ ಕೈಯಿಂದ ತಿದಿ ಒತ್ತುವ ಸಣ್ಣ ಪೆಟ್ಟಿಗೆಯಾಗಿ ಬದಲಾಗಿ, ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಂಥ ಕಂಪನಿಗಳ ರಂಗಕ್ಕೆ ಮೈಕಿಲ್ಲದ ಕಾಲದಲ್ಲಿ ಇಂಥದೊಂದು ಗಟ್ಟಿ ದನಿಯ ವಾದ್ಯ ಬೇಕೇ ಇತ್ತು. ನಟ ಪದ ಎತ್ತಿದೊಡನೆ ಶ್ರುತಿ ಹಿಡಿದುಕೊಡಬೇಕು, ಕೊನೆಯ ಸಾಲಿನವರಿಗೂ ಕೇಳಿಸಬೇಕು. ಕಾಲಿನಿಂದ ಒತ್ತುವ ಹಾರ್ಮೋನಿಯಂ ಬಂದಮೇಲಂತೂ ಅದನ್ನು ನುಡಿಸುವ ನಾಟಕದ ಮೇಷ್ಟ್ರ ಎರಡೂ ಕೈ ಬಿಡುವಾದವು.

ಆದರೆ ಅದರಲ್ಲೊಂದು ಕೊರತೆ ಇತ್ತು. ಒಂದು ಸ್ಥಾಯಿಗೆ ಹನ್ನೆರಡೇ ಮನೆ. ನಮ್ಮ ಸಂಗೀತದ ಜೀವ ಇರುವುದೋ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಜಾರುವ, ತೂಗುವ, ನಡುಗುವ ಗಮಕದಲ್ಲಿ. ವೀಣೆಯಲ್ಲಿ ತಂತಿ ಎಳೆದು ತರುವುದನ್ನು ಹಾರ್ಮೋನಿಯಂನಲ್ಲಿ ತರಲಾಗದು. ಹೀಗಾಗಿಯೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ವಾದ್ಯದ ಮಿತಿಯನ್ನು ಗುರುತಿಸಿದ್ದು ಸರಿ, ಬಾಗಿಲು ಹಾಕಿದ್ದು ಸರಿಯಲ್ಲ. ಯಾಕೆಂದರೆ ಅಷ್ಟರಲ್ಲಿ ನಾಟಕದ ಮೇಷ್ಟ್ರುಗಳು ಆ ಪರದೇಶದ ಪೆಟ್ಟಿಗೆಯನ್ನು ಪಳಗಿಸಿಯಾಗಿತ್ತು. ಒಂದು ಮನೆಯಿಂದ ಬೆರಳು ಎತ್ತುವ ಮೊದಲೇ ಪಕ್ಕದ ಮನೆ ಮುಟ್ಟುವುದು, ತಿದಿಯ ಒತ್ತಡವನ್ನು ಪದದ ಭಾವಕ್ಕೆ ತಕ್ಕಂತೆ ಏರಿಸಿ ಇಳಿಸುವುದು, ನಟ ಜಾರುವಲ್ಲಿ ತಾವು ಸುಮ್ಮನಿದ್ದು ಅವನು ನಿಂತಲ್ಲಿ ಹಿಡಿಯುವುದು. ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಕಟ್ಟಿದ ರಂಗಸಂಗೀತಕ್ಕೆ ಇಂಥ ಕಂಪನಿ ನಾಟಕಗಳ ನಾದವೂ ಬೇರಾಗಿತ್ತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ‘ಕುರುಕ್ಷೇತ್ರ’ ನಾಟಕ ಕಲಿಸಲು ಬರುವ ಮೇಷ್ಟ್ರು ಮೊದಲು ತರಿಸುವುದು ಹಾರ್ಮೋನಿಯಂ ಪೆಟ್ಟಿಗೆಯನ್ನೇ.

ಕೀಲಿಮಣೆಯ ಕಥೆಯೂ ಇದೇ ದಾರಿಯದು. ಇಂದಿನ ಇಂಗ್ಲಿಷ್ ಕೀಲಿಮಣೆಯ ಜೋಡಣೆ ಅಮೆರಿಕದಲ್ಲಿ 1870ರ ದಶಕದ ಬೆರಳಚ್ಚು ಯಂತ್ರಕ್ಕಾಗಿ ಆದದ್ದು. ಅದರಲ್ಲಿ ಅಕ್ಷರದ ಗುಂಡಿಗಳು 26. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ, ಮೇಲೆ ಕಾಗುಣಿತ, ಒತ್ತಕ್ಷರ. ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಯಾವ ಹಲಗೆಯೂ ಸಾಲದು. ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ ಹುಟ್ಟಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುದ್ರಣ ಯಂತ್ರಗಳ ಮೋನೋಟೈಪ್ ಸಂಸ್ಥೆಯಲ್ಲೂ ಕೆಲಸ ಮಾಡಿದ ಕೆ.ಪಿ. ರಾವ್ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಿದರು. ಅಕ್ಷರದ ಆಕಾರ ಬಿಟ್ಟು ಉಚ್ಚಾರ ಹಿಡಿದರು. ಪದದ ಮೊದಲಿಗೆ ಬಂದರೆ ‘ಇ’, ವ್ಯಂಜನದ ಬೆನ್ನಿಗೆ ಬಂದರೆ ಗುಡಿಸು. ಗುಂಡಿ ಮಾತ್ರ ಒಂದೇ. ಕ ಎಂದರೆ ಅಕಾರ ಸೇರಿಯೇ ಕ. ಒತ್ತು ಕೊಡಲು ಒಂದೇ ಒಂದು ಕೊಂಡಿ ಗುಂಡಿ. 26 ಗುಂಡಿ, ಶಿಫ್ಟ್ ಒತ್ತಿದರೆ 52 ಜಾಗ. 49 ಅಕ್ಷರ, ಒಂದು ಕೊಂಡಿ. ಕನ್ನಡವೆಲ್ಲ ಅದರೊಳಗೆ ಹಿಡಿಯಿತು.

ಕೈಯಲ್ಲಿ ಹಿಡಿದು ನೋಡಿದರೆ ಇದರ ಸೊಗಸು ಗೊತ್ತಾಗುತ್ತದೆ. ಗುಬ್ಬಿ ಬರೆಯಲು ಗ, ಉ, ಬ, ಕೊಂಡಿ, ಬ, ಇ – ಆರು ಒತ್ತು. ಕುಣಿಗಲ್‌ಗೆ ಏಳು. ತುಮಕೂರಿಗೂ ಏಳು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲಿ ಬರೆಯುವಾಗಲೂ ಊರಿನ ಹೆಸರನ್ನು ತುಮಕೂರು ಎಂದೇ ಬರೆಯಬೇಕೆಂದು ತಿದ್ದಿತಷ್ಟೆ. ಈ ಕೀಲಿಮಣೆಯಲ್ಲಿ ಮೊದಲಿನಿಂದಲೂ ಅದು ತುಮಕೂರೇ. ಇಂಗ್ಲಿಷ್ ಲಿಪಿಯಲ್ಲಿ ಒತ್ತಿ ಕನ್ನಡ ಮಾಡಿಸಿಕೊಳ್ಳುವ ಲಿಪ್ಯಂತರ ಪದ್ಧತಿಯಲ್ಲಿ ‘ಬರಹ’ ಎಂಬ ಪದಕ್ಕೆ ಆರು ಒತ್ತು ಬೇಕು, ಇಲ್ಲಿ ಮೂರು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಸಾವಿರಾರು ಜನರಿಗೆ, ಅದರಲ್ಲೂ ಪರದೇಶದ ಕನ್ನಡಿಗರಿಗೆ, ಕಂಪ್ಯೂಟರಿನಲ್ಲಿ ಕನ್ನಡದ ರುಚಿ ಹತ್ತಿಸಿದ್ದನ್ನು ಮರೆಯುವಂತಿಲ್ಲ. ಆದರೂ ಪ್ರತಿ ವ್ಯಂಜನದ ಬೆನ್ನಿಗೂ ಒಂದು ‘ಎ’ ಅಂಟಿಸುತ್ತ ಹೋಗುವುದು ಕನ್ನಡದ ನಡಿಗೆಯಲ್ಲ.

ಎಲ್ಲಕ್ಕಿಂತ ಜಾಣತನ ಕಾಣುವುದು ಆ ಕೊಂಡಿಯಲ್ಲಿ. ಅದನ್ನು ಎಫ್ ಗುಂಡಿಯ ಮೇಲೆ ಇಟ್ಟಿದ್ದಾರೆ. ಎಡಗೈ ತೋರುಬೆರಳು ಸಹಜವಾಗಿ ಕೂರುವ ಜಾಗ ಅದು. ಕಣ್ಣು ಮುಚ್ಚಿಯೂ ಸಿಗಲೆಂದು ಆ ಗುಂಡಿಯ ಮೇಲೆ ಸಣ್ಣದೊಂದು ಉಬ್ಬೂ ಇರುತ್ತದೆ. ಅಪ್ಪ, ಅಮ್ಮ, ಅಣ್ಣ, ಹಳ್ಳಿ, ಕನ್ನಡ ಎಲ್ಲಕ್ಕೂ ಒತ್ತಕ್ಷರ ಬೇಕು. ಅಷ್ಟು ಸಲ ಬೇಕಾಗುವುದನ್ನು ಅಷ್ಟು ಹತ್ತಿರ ಇಟ್ಟಿರುವುದು ಬಳಸುವವರ ಕೈಯನ್ನು ನೆನೆದು ಮಾಡಿದ ಕೆಲಸ. ಕಪ್ಪು ಮನೆ ಬಿಳಿ ಮನೆಗಳ ನಡುವೆ ನೋಡದೆ ಓಡಾಡುವ ಮೇಷ್ಟ್ರ ಬೆರಳಿನಂತೆ, ಹದಿನೈದು ದಿನದ ಅಭ್ಯಾಸವಾದ ಮೇಲೆ ಇಲ್ಲಿಯೂ ಬೆರಳು ತಾನೇ ದಾರಿ ಕಂಡುಕೊಳ್ಳುತ್ತದೆ.

ದೋಷಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ತ, ದ ಎರಡೂ ತಮ್ಮ ಉಚ್ಚಾರದ ಗುಂಡಿಗಳನ್ನು ಹಿಡಿದದ್ದರಿಂದ ಟ ಕ್ಯೂ ಗುಂಡಿಗೆ, ಡ ಡಬ್ಲ್ಯೂ ಗುಂಡಿಗೆ ಹೋಗಬೇಕಾಯಿತು. ಮಾಡು, ನೋಡು, ಹಾಡು ಎನ್ನುವ ನುಡಿಯಲ್ಲಿ ಡಕಾರ ಎಡಗೈಯ ಉಂಗುರ ಬೆರಳನ್ನು ಮೇಲಿನ ಸಾಲಿಗೆ ಮತ್ತೆ ಮತ್ತೆ ಎಳೆಯುತ್ತದೆ. ದೀರ್ಘ ಸ್ವರಕ್ಕೆಲ್ಲ ಶಿಫ್ಟ್ ಬೇಕು. ಬೆಳ್ಳಾವಿ ಎಂದು ಬರೆಯಲು ಎಂಟು ಒತ್ತಿನಲ್ಲಿ ಮೂರಕ್ಕೆ, ಎರಡು ಳಕಾರ ಮತ್ತು ಒಂದು ದೀರ್ಘಕ್ಕೆ, ಶಿಫ್ಟ್ ಹಿಡಿಯಬೇಕು. ಕಂಪ್ಯೂಟರಿನಲ್ಲಿ ಇದು ಭಾರವಲ್ಲ. ಮೊಬೈಲಿನ ಗಾಜಿನ ಮೇಲೆ ಹೆಬ್ಬೆರಳಿಗೆ ಭಾರವೇ.

ಇನ್ನೂ ದೊಡ್ಡ ಕೊರತೆ ಒಂದಿದೆ. ಇದನ್ನು ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಅಕ್ಷರ ಗೊತ್ತಿರಬೇಕು. ಕ ಎಲ್ಲಿದೆ ಎಂದರೆ ‘ಕೆ’ ಇರುವಲ್ಲಿ ಎಂದೇ ಹೇಳಬೇಕು. ಕನ್ನಡ ಮಾತ್ರ ಬಲ್ಲ ಅಜ್ಜಿಗೆ, ಈಗ ತಾನೇ ಒಂದನೇ ತರಗತಿ ಸೇರಿದ ಮಗುವಿಗೆ ಈ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ ಮೇಲು. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ, ಇಂಗ್ಲಿಷಿನ ಹಂಗಿಲ್ಲ. ಕನ್ನಡದ ಕ ಇರುವ ಜಾಗದಲ್ಲೇ ತೆಲುಗಿನ, ಹಿಂದಿಯ ಕ. ನಮ್ಮ ಜಿಲ್ಲೆಯದೇ ಆದ, ಬಹುಪಾಲು ಆಂಧ್ರ ಸುತ್ತುವರಿದ ಪಾವಗಡದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳಿಗೆ ಒಂದು ಕಲಿಕೆಯಲ್ಲಿ ಎರಡು ಭಾಷೆ ಸಿಗುತ್ತವೆ. ಹಾಗಿದ್ದೂ ಕರ್ನಾಟಕದಲ್ಲಿ ಕೆ.ಪಿ. ರಾವ್ ಜೋಡಣೆಯೇ ನೆಲೆಯೂರಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಅಳವಡಿಸಿಕೊಂಡಿತು, ರಾಜ್ಯ ಸರ್ಕಾರ ಪ್ರಮಾಣಿತವೆಂದು ಒಪ್ಪಿತು, ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯಿತು. ಕೈಗೆ ಸಲೀಸಾದದ್ದನ್ನು ಜನ ಇಟ್ಟುಕೊಂಡರು.

ಈಗ ಅಪಾಯ ಬಂದಿರುವುದು ಬೇರೆ ಕಡೆಯಿಂದ. ಮೊಬೈಲುಗಳು ಊಹೆಯ ಕೀಲಿಮಣೆಯನ್ನು ಮುಂದಿಡುತ್ತವೆ: ನೀವು ಇಂಗ್ಲಿಷಿನಲ್ಲಿ ಹೇಗಾದರೂ ಒತ್ತಿ, ಯಂತ್ರ ಊಹಿಸಿ ಮೂರು ಕನ್ನಡ ಪದ ತೋರಿಸುತ್ತದೆ, ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ದಿನಬಳಕೆಯ ಮಾತಿಗೆ ಇದು ಸಾಕಾಗಬಹುದು. ಊರಿನ ಹೆಸರು, ಬೆಳೆಯ ತಳಿ, ಜನಪದ ಗೀತೆಯ ಪದ ಬಂದೊಡನೆ ಊಹೆ ಎಡವುತ್ತದೆ. ಕುಣಿಗಲ್ ಕೆರೆಯ ಹಾಡನ್ನು ಹಾಡಿನ ಆ್ಯಪುಗಳಲ್ಲಿ ಹುಡುಕುವವರಿಗೆ ಈ ಕಷ್ಟ ಗೊತ್ತು. ಹಾಕಿದವರು ಹೆಸರನ್ನು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಬರೆದಿರುತ್ತಾರೆ, ಹುಡುಕುವವರು ತಮಗೆ ತೋಚಿದಂತೆ ಒತ್ತುತ್ತಾರೆ. ಕನ್ನಡದಲ್ಲೇ ಬರೆದಿದ್ದರೆ ಹಾಕುವವರಿಗೂ ಹುಡುಕುವವರಿಗೂ ಒಂದೇ ಕಾಗುಣಿತ ಇರುತ್ತಿತ್ತು. ಯಂತ್ರಕ್ಕೂ ಇದರಲ್ಲಿ ಅಡ್ಡಿ ಇಲ್ಲ: 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. ಎಡವುತ್ತಿರುವುದು ನಮ್ಮ ಅಭ್ಯಾಸ.

ಅಭ್ಯಾಸ ತಿದ್ದಿಕೊಳ್ಳಲು ಮಾದರಿ ಹತ್ತಿರದಲ್ಲೇ ಇದೆ. ಮೊದಲು ಹೇಳಿದ ಬೆಳ್ಳಾವಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆ ಅದು. 1937ರ ಜಮಖಂಡಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ಇಂಗ್ಲಿಷ್ ಬಲ್ಲವರಷ್ಟೇ ವಿಜ್ಞಾನ ಓದಲಿ ಎಂದು ಅವರು ಬಿಟ್ಟಿದ್ದರೆ ಕೇಳುವವರಿರಲಿಲ್ಲ. ನೂರು ವರ್ಷದ ಹಿಂದೆ ವಿಜ್ಞಾನಕ್ಕೆ ಸಲ್ಲಿಸಿದ ಆ ಶ್ರಮವನ್ನು ಇಂದು ಬೆರಳಿಗೆ ಸಲ್ಲಿಸಬೇಕಾಗಿದೆ.

ಒಟ್ಟು ನೋಡಿದರೆ ಕೆ.ಪಿ. ರಾವ್ ಕೀಲಿಮಣೆ ಕನ್ನಡದಲ್ಲಿ ಈವರೆಗೆ ಆಗಿರುವ ವಿನ್ಯಾಸದ ಕೆಲಸಗಳಲ್ಲೇ ಮೇಲ್ಮಟ್ಟದ್ದು. ಅದಕ್ಕೆ ಆಗಬೇಕಾದ ಕೆಲಸ ಎರಡು. ಗುಂಡಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಅಕ್ಷರ ಅಚ್ಚಾಗಿ ಬರಬೇಕು. ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಕೊಳ್ಳುವಾಗ ಈ ಒಂದು ಷರತ್ತು ಹಾಕಿದರೂ ಸಾಕು, ಇಂಗ್ಲಿಷ್ ಬಾರದ ಮಗುವಿಗೂ ಬಾಗಿಲು ತೆರೆಯುತ್ತದೆ. ಹಾಗೆಯೇ ಹಾರ್ಮೋನಿಯಂ ಮೇಷ್ಟ್ರು ಸ ರಿ ಗ ಮ ಬಾರಿಸಿ ಕಲಿಸುವಂತೆ ಶಾಲೆಯಲ್ಲಿ ಯಾರಾದರೂ ಮಕ್ಕಳ ಬೆರಳು ಹಿಡಿದು ಇದನ್ನು ಕಲಿಸಬೇಕು. ಗುಬ್ಬಿ, ಕುಣಿಗಲ್, ಬೆಳ್ಳಾವಿಯ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಇರುವ ಶಿಕ್ಷಕರು ಈ ವಾರವೇ ಶುರು ಮಾಡಬಹುದು. ಮೊದಲ ಪಾಠಕ್ಕೆ ಎರಡೇ ಪದ ಸಾಕು, ಮನೆ ಮತ್ತು ಮಣೆ. ಒಂದೊಂದಕ್ಕೆ ಮೂರು ಒತ್ತು, ಎರಡನೆಯದರಲ್ಲಿ ಒಮ್ಮೆ ಶಿಫ್ಟ್.