ಸೀಟು ಎಣಿಸುವ ಕರಾರು

ವಿಜಯಪುರ ಜಿಲ್ಲೆಯ ಮಸೂತಿ ಊರಿನವರು ವಿಮಾನ ಹತ್ತಬೇಕೆಂದರೆ ಇಷ್ಟು ವರ್ಷ ಹಿಡಿದದ್ದು ಹುಬ್ಬಳ್ಳಿ, ಬೆಳಗಾವಿ, ಇಲ್ಲವೇ ಕಲಬುರಗಿಯ ದಾರಿ. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾದಾಗ ಬೆಂಗಳೂರಿನಿಂದ ಬಂದಿಳಿದದ್ದು ಸ್ಟಾರ್ ಏರ್‌ನ ಎಂಬ್ರೇಯರ್ 145. ಅದರೊಳಗೆ ಎತ್ತರದ ಆಳು ತಲೆ ಬಗ್ಗಿಸಿಯೇ ನಡೆಯಬೇಕು. ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು, ನಡುವೆ ಒಬ್ಬರು ದಾಟುವಷ್ಟು ಸಂದಿ. ಒಟ್ಟು 50 ಸೀಟು.

ಈ 50ರ ಗಾತ್ರ ಲೋಕದಲ್ಲಿ ಇಷ್ಟು ಹರಡಿದ್ದಕ್ಕೆ ದೊಡ್ಡ ಕಾರಣ ಅಮೆರಿಕದ ಪೈಲಟ್ ಸಂಘಗಳ ಕರಾರು. ಅಲ್ಲಿ ದೊಡ್ಡ ಕಂಪನಿ ತನ್ನ ಹೆಸರಿನಲ್ಲಿ ಟಿಕೆಟ್ ಮಾರಿ, ಸಣ್ಣ ಊರುಗಳ ಹಾರಾಟವನ್ನು ಸಣ್ಣ ಕಂಪನಿಗೆ ವಹಿಸುತ್ತದೆ. ನಮ್ಮಲ್ಲಿ ಹೊಲ ಲಾವಣಿಗೆ ಹಾಕಿದ ಹಾಗೆ. ಹೀಗೆ ಎಲ್ಲವನ್ನೂ ಕಡಿಮೆ ಸಂಬಳದವರಿಗೆ ಕೊಟ್ಟುಬಿಟ್ಟರೆ ನಮ್ಮ ಗತಿಯೇನು ಎಂದು ದೊಡ್ಡ ಕಂಪನಿಯ ಪೈಲಟ್‌ಗಳು ಒಂದು ಬದು ಹಾಕಿಸಿದರು. ಇಷ್ಟು ಸೀಟಿನವರೆಗೆ ಹೊರಗಿನವರು ಹಾರಿಸಲಿ, ಅದಕ್ಕೆ ಮೇಲ್ಪಟ್ಟದ್ದು ನಮ್ಮದು. ಇದೇ ‘ಸ್ಕೋಪ್ ಕ್ಲಾಜ್’.

ಭಯ ನ್ಯಾಯವಾದದ್ದೇ. ಆದರೆ ಬದು ಹಾಕಿದ ರೀತಿ ನೋಡಿ. ಅಮೆರಿಕನ್ ಈಗಲ್ ಎಂಬ ಸಣ್ಣ ಕಂಪನಿಗಾಗಿ ಎಂಬ್ರೇಯರ್ ಕಂಪನಿ ಇದೇ 145 ವಿಮಾನವನ್ನು ಮಿತಿಯೊಳಗೆ ಬರಲೆಂದು ಕೊಂಚ ಮೊಟಕುಗೊಳಿಸಿ 44 ಸೀಟಿನ 140 ಮಾದರಿ ಮಾಡಿಕೊಟ್ಟಿತು. 2019ರಲ್ಲಿ ಯುನೈಟೆಡ್ ಕಂಪನಿಗಾಗಿ, 70 ಸೀಟಿನ ಸಿಆರ್‌ಜೆ 700ರಿಂದ ಸೀಟು ಕಿತ್ತು 50ಕ್ಕೆ ಇಳಿಸಿ, ಅದಕ್ಕೆ ಸಿಆರ್‌ಜೆ 550 ಎಂಬ ಹೊಸ ಹೆಸರಿಡಲಾಯಿತು. ಇಂಥ ಕರಾರುಗಳಲ್ಲಿ 50ಕ್ಕೆ ಮೇಲ್ಪಟ್ಟ ವಿಮಾನಗಳಿಗಿರುವ ಗರಿಷ್ಠ ಮಿತಿ 76 ಸೀಟು, 86,000 ಪೌಂಡ್, ಅಂದರೆ ಸುಮಾರು 39 ಟನ್. ಎಂಬ್ರೇಯರ್‌ನ ಹೊಸ 175-ಇ2 ಕಡಿಮೆ ಇಂಧನ ಕುಡಿಯುತ್ತದೆ, ಆದರೆ ತೂಕ 44 ಟನ್ ದಾಟುತ್ತದೆ. ಕೊಳ್ಳುವವರಿಲ್ಲದೆ 2022ರಲ್ಲಿ ಕಂಪನಿ ಆ ಯೋಜನೆಯನ್ನು ತಡೆಹಿಡಿಯಿತು. ಸ್ಟಾರ್ ಏರ್ 2023ರಲ್ಲಿ ತಂದ ಹಳೆಯ 175ರಲ್ಲಿ 88 ಸೀಟು ಹಿಡಿಯುವಷ್ಟು ಜಾಗವಿದೆ. ಇರುವುದು 12 ಬಿಸಿನೆಸ್, 64 ಎಕಾನಮಿ. ಕೂಡಿಸಿದರೆ ಅದೇ 76! ಕಾಕತಾಳೀಯವೋ ಏನೋ, ಆ ಕರಾರಿಗೆ ಸಹಿ ಹಾಕದ ಊರಿನ ಮೇಲೂ ಅದರ ಅಳತೆಯ ವಿಮಾನ ಹಾರುತ್ತಿದೆ.

ನನ್ನ ತಕರಾರು ಇಷ್ಟೆ: ಈ ಕರಾರು ಸೀಟು ಎಣಿಸಿತು, ಹಾರಿಸುವವರ ನಿದ್ದೆ ಎಣಿಸಲಿಲ್ಲ. 2009ರ ಫೆಬ್ರುವರಿ 12ರ ರಾತ್ರಿ ಬಫಲೋ ಬಳಿ ಬಿದ್ದ ವಿಮಾನದ ಟಿಕೆಟ್ ಮೇಲೆ ಇದ್ದದ್ದು ಕಾಂಟಿನೆಂಟಲ್ ಹೆಸರು. ಹಾರಿಸಿದ್ದು ಕೋಲ್ಗನ್ ಏರ್. 74 ಸೀಟಿನ ವಿಮಾನ ಅದು. ಕಾಂಟಿನೆಂಟಲ್ ಕರಾರಿನ 50ರ ಮಿತಿ ಜೆಟ್‌ಗಳಿಗಷ್ಟೇ ಇತ್ತು, ಇದು ರೆಕ್ಕೆಯಲ್ಲಿ ಪಂಖ ತಿರುಗುವ ವಿಮಾನವಾದ್ದರಿಂದ ಬದು ದಾಟಿತು. ಸಹಪೈಲಟ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದವರು. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ಪೈಲಟ್‌ಗಳ ಅನುಭವ ಮತ್ತು ವಿಶ್ರಾಂತಿಯ ನಿಯಮ ಬಿಗಿಯಾದದ್ದು ಆಮೇಲೆ, ಸರ್ಕಾರದ ಕಾನೂನಿನಿಂದ.

ನಮ್ಮಲ್ಲಿ ಇಂಥ ಕರಾರು ಇಲ್ಲವೆಂದು ಬೀಗುವಂತಿಲ್ಲ. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದ್ದು, ಹೊಸ ಬೋಯಿಂಗ್ 787ರ ತರಬೇತಿ ಹಳೆಯ ಇಂಡಿಯನ್ ಏರ್‌ಲೈನ್ಸ್‌ನವರಿಗೆ ಏಕೆ ಎಂದು. ಎರಡೂ ಕಂಪನಿಗಳು ವಿಲೀನವಾಗಿ ಐದು ವರ್ಷ ಕಳೆದಿದ್ದರೂ ಬದು ಮಾತ್ರ ಹಾಗೇ ಇತ್ತು. ಇಲ್ಲಿಯ ಸರ್ಕಾರದ ಕೈಯಲ್ಲಿದ್ದದ್ದು ಇನ್ನೊಂದು ಬಗೆಯ ಹಗ್ಗ: 2017ರಲ್ಲಿ ವಿಮಾನಯಾನದ ನಿಯಂತ್ರಕ ಡಿಜಿಸಿಎ, ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು ಎಂದಿತು. ಸಣ್ಣ ಕಂಪನಿ ತರಬೇತಿ ಕೊಟ್ಟವರನ್ನು ದೊಡ್ಡದು ಎಳೆದುಕೊಳ್ಳುವುದನ್ನು ಇದು ಮುಂದೂಡಬಹುದು, ತಪ್ಪಿಸಲಾರದು.

ಇನ್ನು ಪಾಲುದಾರಿಕೆ. 1996ರಲ್ಲಿ ಹುಟ್ಟಿದ ಅಲಯನ್ಸ್ ಏರ್ ವರ್ಷಾನುಗಟ್ಟಲೆ ಏರ್ ಇಂಡಿಯಾ ಟಿಕೆಟ್‌ನ ನೆರಳಲ್ಲಿ ಸಣ್ಣ ಊರುಗಳಿಗೆ ಹಾರಿತು. ಟಾಟಾ ಕೊಂಡದ್ದು ಏರ್ ಇಂಡಿಯಾವನ್ನು. ಅಲಯನ್ಸ್ ಸರ್ಕಾರದ ಬಳಿ ಉಳಿಯಿತು. 2022ರ ಏಪ್ರಿಲ್ 15ರಿಂದ ಅದರ ಟಿಕೆಟ್ಟಿಗೂ ನಮಗೂ ಸಂಬಂಧವಿಲ್ಲ ಎಂದು ಏರ್ ಇಂಡಿಯಾ ಕೈ ತೊಳೆದುಕೊಂಡಿತು. ಅಮೆರಿಕದ ಕರಾರಿನಲ್ಲಿ ನೂರು ಹುಳುಕಿರಬಹುದು, ಆದರೆ ಯಾವುದು ಯಾರ ಹೊಲ ಎಂಬುದು ಅಲ್ಲಿ ಬರಹದಲ್ಲಿದೆ. ಆ ಒಂದು ಗುಣಕ್ಕೆ ಅದನ್ನು ನಾನು ಮೆಚ್ಚುತ್ತೇನೆ.

ವಿಜಯಪುರದ ಬುರಣಾಪುರದ ವಿಮಾನ ನಿಲ್ದಾಣಕ್ಕೆ ಮೊದಲು ಯೋಜಿಸಿದ ರನ್‌ವೇ 72 ಮಾದರಿಯ ಎಟಿಆರ್‌ಗೆ, ಆಮೇಲೆ ಬದಲಿಸಿದ್ದು ಏರ್‌ಬಸ್ 320ಕ್ಕೆ. ಅಲ್ಲಿಂದ ಟಿಕೆಟ್ ತೆಗೆಸುವ ದಿನ ಮೇಲಿನ ದೊಡ್ಡ ಹೆಸರು ನೋಡಿ ಸುಮ್ಮನಾಗಬೇಡಿ. ವಿಮಾನ ಹಾರಿಸುವವರು ಯಾರೆಂದು ಸಣ್ಣಕ್ಷರದ ಸಾಲಿನಲ್ಲಿ ಬರೆದಿರುತ್ತಾರೆ, ಅದನ್ನು ಓದಿ.