ರನ್ನನ ದುರ್ಯೋಧನ, ಹಲಗಲಿಯ ಬೀಸುಕಲ್ಲು

ಗದಾಯುದ್ಧ ಬರೆಯಲು ಕುಳಿತಾಗ ರನ್ನನಿಗಿದ್ದ ಕೆಲಸ ಸ್ಪಷ್ಟವಾಗಿತ್ತು. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಂದಿಗೆ ಸಮೀಕರಿಸಿ, ಭೀಮನ ಗೆಲುವನ್ನು ಅರಸನ ಗೆಲುವಾಗಿ ಹಾಡಬೇಕು. ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರು ಬಂದದ್ದೂ ಅದಕ್ಕೇ. ರನ್ನ ಆ ಕೆಲಸವನ್ನು ಚೊಕ್ಕವಾಗಿಯೇ ಮುಗಿಸಿಕೊಟ್ಟ. ಭೀಮ ಆರ್ಭಟಿಸಿದ, ತೊಡೆ ಮುರಿದ, ಗೆದ್ದ. ಆದರೆ ಪುಸ್ತಕ ಮುಚ್ಚಿದ ಮೇಲೆ ನಮ್ಮ ಜೊತೆ ಎದ್ದು ಬರುವವನು ಭೀಮನಲ್ಲ, ತೊಡೆ ಮುರಿಸಿಕೊಂಡವನು.

‘ಸಾಹಿತ್ಯ ಸಮಾಜದ ಕನ್ನಡಿ’ ಎಂದು ಶಾಲೆಯ ಪ್ರಬಂಧದಿಂದ ಹಿಡಿದು ಸಮ್ಮೇಳನದ ಭಾಷಣದವರೆಗೆ ಕೇಳುತ್ತಲೇ ಬಂದಿದ್ದೇವೆ. ನನಗೆ ಆ ಮಾತಿನಲ್ಲಿ ಅರ್ಧ ನಂಬಿಕೆ. ಕವಿ ತನ್ನ ಕಾಲದ ಮೌಲ್ಯಗಳನ್ನು ಎದೆಯುಬ್ಬಿಸಿ ಸಾರುವ ಕಡೆ ಸಿಗುವುದು ಹೆಚ್ಚಾಗಿ ಅರಮನೆಯ ಮೌಲ್ಯ, ಮಠದ ಮೌಲ್ಯ. ಕಾಲ ನಿಜವಾಗಿ ಸಿಕ್ಕಿಬೀಳುವುದು ಅವನು ಮೈಮರೆತ ಕಡೆ: ಒಂದು ಅಳುವಿನಲ್ಲಿ, ಒಂದು ಹಂಗಿಸುವ ಮಾತಿನಲ್ಲಿ, ಕಳೆದುಹೋದ ಸಾಮಾನುಗಳ ಒಂದು ಪಟ್ಟಿಯಲ್ಲಿ. ಇದನ್ನು ನೋಡಲು ಬಹಳ ದೂರ ಹೋಗಬೇಕಿಲ್ಲ. ಕೃಷ್ಣಾ, ಘಟಪ್ರಭಾ ನದಿಗಳ ನೀರು ಕುಡಿಯುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯೊಂದೇ ಸಾಕು.

ರನ್ನ ಮುದುವೊಳಲಿನವನು, ಅಂದರೆ ಈಗಿನ ಮುಧೋಳದವನು. ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವ ಮನೆಯ ಹುಡುಗ ಓದಿನ ಹಸಿವಿಗೆ ಗಂಗರ ನಾಡಿನವರೆಗೆ ಹೋಗಿ, ಅಜಿತಸೇನಾಚಾರ್ಯರ ಬಳಿ ಕಲಿತು, ಚಾವುಂಡರಾಯನ ಆಸರೆ ಪಡೆದು, ಕಡೆಗೆ ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿಕೊಂಡ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಅಕ್ಷರಗಳಿವೆ. ಅದು ಇವನದೇ ಕೈಬರಹವೆಂದು ವಿದ್ವಾಂಸರು ನಂಬುತ್ತಾರೆ. ತನ್ನ ಪ್ರತಿಭೆಯ ಬಗ್ಗೆ ರನ್ನನಿಗೆ ಸಂಕೋಚ ಎಂಬುದೇ ಇರಲಿಲ್ಲ. ಆ ಜಂಬ ಕೆಲವರಿಗೆ ಕಿರಿಕಿರಿ. ನನಗೆ ಮಾತ್ರ ಅದರಲ್ಲಿ ಬಳೆಯ ಮಲಾರ ಹೊತ್ತವರ ಮನೆಯಿಂದ ಸಿಂಹಾಸನದ ಪಕ್ಕದವರೆಗೆ ನಡೆದುಬಂದವನ ದಾರಿ ಕಾಣುತ್ತದೆ.

ಅವನ ಋಣಪ್ರಜ್ಞೆಯೂ ಅಷ್ಟೇ ದೊಡ್ಡದು. ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಒಂದು ಚಾವುಂಡರಾಯನ ನೆನಪಿಗೆ, ಇನ್ನೊಂದು 993ರ ಅಜಿತಪುರಾಣವನ್ನು ಬರೆಸಿದ ದಾನಚಿಂತಾಮಣಿಯ ನೆನಪಿಗೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಹೆಣ್ಣುಮಗಳು ಅತ್ತಿಮಬ್ಬೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ದಿನದ ಬೆನ್ನುನೋವು ಎಂಬುದನ್ನು ಓದುವವರೇ ಅಂದಾಜು ಮಾಡಬೇಕು. ಹೆಂಗಸೊಬ್ಬಳ ಹೆಸರಿನ ಸುತ್ತ ಪುರಾಣ ಕಟ್ಟಲು, ಆ ಹೆಸರನ್ನು ಮಗಳಿಗಿಟ್ಟು ತೊಟ್ಟಿಲು ತೂಗಲು ಆ ಕಾಲದ ಕವಿಗೆ ಯಾವ ಅಡ್ಡಿಯೂ ಇರಲಿಲ್ಲ.

ಈಗ ದುರ್ಯೋಧನನ ಹತ್ತಿರ ಹೋಗೋಣ. ಗದಾಯುದ್ಧದಲ್ಲಿ ನಾನು ಮತ್ತೆ ಮತ್ತೆ ತಿರುವುವುದು ಗದೆಗಳು ತಾಗುವ ಭಾಗವನ್ನಲ್ಲ, ಅದಕ್ಕೂ ಮುಂಚಿನ ನಡಿಗೆಯನ್ನು. ಎಲ್ಲರನ್ನೂ ಕಳೆದುಕೊಂಡ ದೊರೆ ಸಂಜಯನ ಜೊತೆ ಶರಶಯ್ಯೆಯ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿಯೆಂದರೆ ರಣರಂಗವೇ. ಒಂದೊಂದು ಹೆಣದ ಮುಂದೆ ನಿಂತಾಗಲೂ ಅವನು ಬೇರೆ ಬೇರೆ ಮನುಷ್ಯ. ದ್ರೋಣನ ಮುಂದೆ ಶಿಷ್ಯ, ಕರ್ಣನ ಮುಂದೆ ಗೆಳೆಯ. ಮಗ ಲಕ್ಷಣಕುಮಾರನ ಮುಂದೆ, ಮಗ ಅಪ್ಪನಿಗೆ ಬಿಡಬೇಕಾದ ತರ್ಪಣದ ನೀರನ್ನು ಅಪ್ಪನೇ ಮಗನಿಗೆ ಬಿಡುವಂತಾಯಿತಲ್ಲ ಎಂದು ಕುಸಿಯುವ ಸಾಮಾನ್ಯ ತಂದೆ.

ದುಶ್ಶಾಸನನ ಮುಂದೆ ಅವನಾಡುವ ಮಾತು ಇನ್ನೂ ಸೂಕ್ಷ್ಮ. ತಾಯಿಯ ಎದೆಹಾಲಿನಿಂದ ಹಿಡಿದು ಉಣ್ಣುವ ತುತ್ತಿನವರೆಗೆ ಎಲ್ಲದರಲ್ಲೂ ಅಣ್ಣನ ನಂತರವೇ ತಮ್ಮನ ಸರದಿ ಇತ್ತು. ಸಾಯುವಾಗ ಮಾತ್ರ ತಮ್ಮ ಆ ವಿನಯವನ್ನು ಮೀರಿ ಮುಂದೆ ಹೋಗಿಬಿಟ್ಟ. ಇದು ಶೋಕ ಹೌದು. ಜೊತೆಗೆ ಇಡೀ ಮನೆತನದ ರೀತಿನೀತಿಯೂ ಹೌದು. ಯಾರು ಮೊದಲು ಕೂರಬೇಕು, ಯಾರು ಮೊದಲು ಉಣ್ಣಬೇಕು ಎಂಬ ಲೆಕ್ಕ ರಕ್ತದಲ್ಲೇ ಸೇರಿಹೋಗಿದ್ದ ಕಾಲದ ಅಣ್ಣನಿಗೆ ಮಾತ್ರ ಸಾವು ಹೀಗೆ ಸರದಿ ತಪ್ಪಿದ ಹಾಗೆ ಕಾಣಲು ಸಾಧ್ಯ. ಆ ಕಾಲದ ಕೂಡುಮನೆಯ ಬಗ್ಗೆ ಯಾವ ಶಾಸನವೂ ಇಷ್ಟು ಹೇಳಲಾರದು.

ಇನ್ನು ಅಭಿಮನ್ಯು. ಅವನು ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ದುರ್ಯೋಧನ ಆ ಹೆಣಕ್ಕೆ ಕೈ ಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ವೀರಗಲ್ಲುಗಳ ಕಾಲ ಅದು. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಎಂದು ಊರ ಬಾಗಿಲ ಕಲ್ಲಿನಲ್ಲಿ ಕೆತ್ತಿಟ್ಟ ನಂಬಿಕೆಯನ್ನೇ ರನ್ನ ಇಲ್ಲಿ ದೊರೆಯ ಬಾಯಲ್ಲಿ ಆಡಿಸಿದ್ದಾನೆ. ಕಲ್ಲಿನಲ್ಲಿ ಮಾತ್ರ ಶತ್ರುವಿಗೆ ಕೈಮುಗಿಯುವ ದೊರೆ ಕಾಣಸಿಗುವುದಿಲ್ಲ.

ಆಮೇಲೆ ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರ ಹೊಕ್ಕವನು, ಭೀಮನ ಮೂದಲಿಕೆ ಕಿವಿಗೆ ಬಿದ್ದದ್ದೇ ತಣ್ಣೀರಿನ ಆಳದಲ್ಲೂ ಸಿಟ್ಟಿಗೆ ಬೆವರುತ್ತಾನೆ. ಕನ್ನಡದ ಮೇಷ್ಟರುಗಳು ತಲೆತಲಾಂತರದಿಂದ ಬಾಯಿ ಚಪ್ಪರಿಸುತ್ತ ಹೇಳಿದ ಪದ್ಯವದು. ನಾನು ಹೊಸದಾಗಿ ಹೊಗಳಬೇಕಿಲ್ಲ. 1920ರ ದಶಕದಲ್ಲಿ ಬಿ.ಎಂ.ಶ್ರೀ. ಈ ಕಾವ್ಯದ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದಾಗ ಅವರಿಗೆ ದುರ್ಯೋಧನನಲ್ಲಿ ಗ್ರೀಕರ ದುರಂತನಾಯಕ ಕಂಡ. ಅದು ಬಿ.ಎಂ.ಶ್ರೀ. ಅವರ ಕಾಲದ ರುಚಿ. ಒಂದೇ ಕೃತಿ ಬರೆದವನ ಕಾಲಕ್ಕೂ ಓದಿದವರ ಕಾಲಕ್ಕೂ ಸಾಕ್ಷಿ ನುಡಿಯಿತು.

ಮುಧೋಳದಿಂದ ಬೀಳಗಿ ತಾಲ್ಲೂಕಿನ ಕಡೆ ಹೊರಳಿದರೆ ಕೃಷ್ಣೆಯ ದಂಡೆಯಲ್ಲಿ ಗಲಗಲಿ. ಹದಿನೇಳು-ಹದಿನೆಂಟನೆಯ ಶತಮಾನದ ಗಲಗಲಿ ಅವ್ವನ ಊರು. ಚಿಕ್ಕ ವಯಸ್ಸಿನಲ್ಲೇ ವೈಧವ್ಯ ಬಂದವಳೆಂದು ಹರಿದಾಸ ಪರಂಪರೆ ಹೇಳುತ್ತದೆ. ‘ರಾಮೇಶ’ ಅಂಕಿತದ ಈ ಹೆಂಗಸು ಹಾಡಿದ್ದೇನು? ವೈರಾಗ್ಯವನ್ನಲ್ಲ, ಮುಯ್ಯವನ್ನು. ಅವಳ ಮುಯ್ಯದ ಹಾಡಿನಲ್ಲಿ ಕೃಷ್ಣನ ಮಡದಿಯರೂ ಪಾಂಡವರ ಮಡದಿಯರೂ ಎದುರುಬದುರಾಗುತ್ತಾರೆ. ಆ ಕಡೆ ರುಕ್ಮಿಣಿ-ಸತ್ಯಭಾಮೆ, ಈ ಕಡೆ ದ್ರೌಪದಿ-ಸುಭದ್ರೆ. ಉಡುಗೊರೆಯ ಜೊತೆಗೆ ಚುಚ್ಚುಮಾತುಗಳೂ ಕೈ ಬದಲಾಗುತ್ತವೆ. ಮಹಾಭಾರತ ಇಲ್ಲಿ ಬೀಗರ ಪಡಸಾಲೆಗೆ ಇಳಿದಿದೆ. ಕುರುಕ್ಷೇತ್ರದ ಸುದ್ದಿಯೇ ಬೇಡ.

ನನ್ನನ್ನು ಹಿಡಿದು ನಿಲ್ಲಿಸುವುದು ಹಾಡುವವಳ ಜಾಗ. ಅವಳ ಕಾಲದ ಮನೆಗಳಲ್ಲಿ ಶುಭಕಾರ್ಯದ ದಿನ ವಿಧವೆಗೆ ನಡುಮನೆಯಲ್ಲಿ ಜಾಗವಿರಲಿಲ್ಲ. ಅರಿಷಿಣ-ಕುಂಕುಮದ ತಟ್ಟೆ ಅವಳ ಮುಂದೆ ನಿಲ್ಲದೆ ಹೋಗುತ್ತಿತ್ತು. ಅಂಥವಳು ಮುತ್ತೈದೆಯರ ಸಡಗರ, ಉಡುಗೆ, ತೊಡುಗೆ, ಗಂಡಂದಿರನ್ನಿಟ್ಟುಕೊಂಡು ಆಡುವ ಚೇಷ್ಟೆ ಎಲ್ಲವನ್ನೂ ಹಾಡಿನಲ್ಲಿ ತುಂಬಿಕೊಟ್ಟಳು, ಮುತ್ತೈದೆಯರು ಅದನ್ನು ಕಲಿತು ಹಾಡಿದರು. ಯಾರನ್ನು ಚಪ್ಪರದಿಂದ ಆಚೆ ನಿಲ್ಲಿಸಿದ್ದರೋ ಅವಳ ಮಾತೇ ಚಪ್ಪರದೊಳಗೆ ಓಡಾಡಿತು. ಅವ್ವ ಎಲ್ಲಿಯೂ ದೂರು ಹೇಳುವುದಿಲ್ಲ. ನಾವೇ ಕೂತು ಲೆಕ್ಕ ಹಾಕಿಕೊಳ್ಳಬೇಕು.

ಅವ್ವನ ಸತ್ಯಭಾಮೆ ಪಡಸಾಲೆಯಿಂದ ಹೊರಬಿದ್ದು ಊರ ನಡುವಿನ ಅಟ್ಟ ಏರಿದರೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ಹಬ್ಬಿಸಿದ್ದು. ಕೌಜಲಗಿ ನಿಂಗಮ್ಮನ ಹೆಸರು ಈ ಆಟದೊಂದಿಗೆ ಬೆರೆತುಹೋಗಿದೆ. ಲೋಕಾಪುರದ ಸೀಮೆ ಎಂದರೆ ಪಾರಿಜಾತದ ಸೀಮೆ. ಒಂದು ಹೂವು ಸವತಿಯ ಮನೆಗೆ ಹೋಯಿತೆಂಬುದಷ್ಟೇ ಕಥೆ. ಅದಕ್ಕೇ ಬೆಳತನಕ ರಂಪ. ಹಗಲೆಲ್ಲ ತಲೆಯ ಮೇಲಿನ ಸೆರಗು ಜಾರದಂತೆ ನಡೆಯಬೇಕಿದ್ದ ಹೆಣ್ಣುಮಕ್ಕಳು, ಮಗ್ಗ ನಿಲ್ಲಿಸಿ ಬಂದ ನೇಕಾರರು, ಕಬ್ಬಿಗೆ ನೀರು ಬಿಟ್ಟು ಬಂದ ರೈತರು ಎಲ್ಲರೂ ಸೇರಿ, ದೇವರನ್ನೇ ಕಾಲಿಗೆ ಬೀಳಿಸಿಕೊಳ್ಳುವ ಹೆಂಡತಿಯನ್ನು ನೋಡಿ ಸಿಳ್ಳೆ ಹಾಕಿದರು. ಹಗಲಿನ ಮೌಲ್ಯ ಒಂದು, ರಾತ್ರಿಯ ಆಟದ ಮೌಲ್ಯ ಇನ್ನೊಂದು. ಎರಡೂ ಆ ಊರಿನವೇ.

ಜಮಖಂಡಿಯಲ್ಲಿ ಹುಟ್ಟಿದ (1886) ತತ್ತ್ವಜ್ಞಾನಿ ಆರ್.ಡಿ. ರಾನಡೆಯವರಿಗೆ ನನ್ನ ಈ ಓದು ಹಿಡಿಸುತ್ತಿರಲಿಲ್ಲವೇನೋ. ಪಟವರ್ಧನರ ಮರಾಠಿ ಸಂಸ್ಥಾನದಲ್ಲಿ ಬೆಳೆದು ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾದ ಅವರು ಕನ್ನಡದ ಶರಣರನ್ನೂ ದಾಸರನ್ನೂ ಓದಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬಿಟ್ಟುಹೋದರು. ಅದರ ಕ್ರಮ ಕಾಲದ ಕ್ರಮವಲ್ಲ, ಅನುಭಾವದ ಮೆಟ್ಟಿಲುಗಳ ಕ್ರಮ. ಹನ್ನೆರಡನೆಯ ಶತಮಾನದವರೂ ಹದಿನಾರನೆಯ ಶತಮಾನದವರೂ ಅಲ್ಲಿ ಒಂದೇ ಜಗಲಿಯ ಮೇಲೆ ಕೂತು ಮಾತಾಡುತ್ತಾರೆ. ದೊಡ್ಡ ಓದು ಅದು, ತಕರಾರಿಲ್ಲ. ಆದರೆ ಕಾಲವನ್ನು ತೊಳೆದು ತೆಗೆದ ಮೇಲೆ ಉಳಿಯುವ ಶುಭ್ರತೆಗಿಂತ ಕಾಲದ ಧೂಳು ಅಂಟಿದ ಹಾಡೇ ನನಗೆ ಹೆಚ್ಚು ರುಚಿ.

ಧೂಳು ಎಂದ ಕೂಡಲೇ ಹಲಗಲಿ ನೆನಪಾಗುತ್ತದೆ.

1857ರಲ್ಲಿ ಕುಂಪಣಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಹುಕುಂ ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ಬೇಟೆಯವರ ಕೈಯ ಆಯುಧ ಅನ್ನವೂ ಹೌದು, ಮಾನವೂ ಹೌದು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಇದನ್ನು ಲಾವಣಿ ಕಟ್ಟಿದವನು ಕುರ್ತಕೋಟಿ ಕಲ್ಮೇಶನ ಅಂಕಿತದವನು. ಅದನ್ನು ಅಚ್ಚಿಗೆ ತಂದವನು, ವಿಚಿತ್ರ ನೋಡಿ, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ ಜೆ.ಎಫ್. ಫ್ಲೀಟ್. 1885ರಿಂದಾಚೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವನು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ರಬಕವಿ ಮಗ್ಗುಲಿನ ತೇರದಾಳದ ಬಸದಿಯ ಶಾಸನ ಅಚ್ಚಾದದ್ದೂ ಅದೇ ಪತ್ರಿಕೆಯಲ್ಲಿ, ಕೆ.ಬಿ. ಪಾಠಕರ ಕೈಯಿಂದ. ಮಾಂಡಲಿಕನೊಬ್ಬನ ದಾನದ ಕಲ್ಲು, ಗಲ್ಲಿಗೇರಿದವರ ಹಾಡು ಎರಡನ್ನೂ ಒಂದೇ ಪತ್ರಿಕೆ ನಮಗೆ ದಾಟಿಸಿತು.

ಲಾವಣಿಕಾರನಿಗೆ ಅರಸನ ಹಂಗಿಲ್ಲ, ಅಲಂಕಾರದ ಪಾಠ ಇಲ್ಲ. ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದೇ ಕರೆಯುತ್ತಾನೆ. ಸಾಹೇಬರ ಹೆಸರುಗಳು ಅವನ ಬಾಯಲ್ಲಿ ‘ಕಾರಸಾಹೇಬ’, ‘ಹೆಬಲಕ ಸಾಹೇಬ’ ಆಗಿ ಹದಕ್ಕೆ ಬಂದಿವೆ. ಕಾರಕೂನನ ಕಪಾಳಕ್ಕೆ ಬಿದ್ದ ಏಟನ್ನೂ ಅವನು ಮುಚ್ಚಿಡುವುದಿಲ್ಲ. ಆಮೇಲೆ ಲೂಟಿಯ ಮಾತು ಬರುತ್ತದೆ. ಇಲ್ಲಿ ಹಾಡಿನ ನಡೆಯೇ ಬದಲಾಗುತ್ತದೆ. ಏನೇನು ಹೋಯಿತೆಂದು ಒಂದೊಂದಾಗಿ ಎಣಿಸತೊಡಗುತ್ತಾನೆ. ಕೊಡಲಿ ಹೋಯಿತು, ಸರಿ, ಅದು ಆಯುಧ. ಆದರೆ ಉಪ್ಪು? ಅರಿಷಿಣ? ಜೀರಿಗೆ, ಬೆಲ್ಲ, ಬೆಣ್ಣೆ? ಉಣ್ಣುವ ಗಂಗಾಳ, ನೀರಿನ ಚರಿಗೆ? ಮಂಗಳಸೂತ್ರವನ್ನೂ ಬೀಸುಕಲ್ಲನ್ನೂ ಅವನು ಒಂದೇ ಸಾಲಿನಲ್ಲಿ ಕೂರಿಸುತ್ತಾನೆ.

ಈ ಪಟ್ಟಿಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಆಯುಧ ಕಿತ್ತುಕೊಳ್ಳಲು ಬಂದವರು ಜೀರಿಗೆಯ ಡಬ್ಬಿಗೂ ಕೈ ಹಾಕಿದರೆಂಬ ಒಂದು ಮಾತು ಕುಂಪಣಿಯ ನ್ಯಾಯವನ್ನು ಎಷ್ಟು ಬಯಲಿಗೆಳೆಯುತ್ತದೆ! ಲಾವಣಿಕಾರ ಒಂದೇ ಒಂದು ಬೈಗುಳ ಸೇರಿಸುವುದಿಲ್ಲ. ಬಡವರ ಅಡುಗೆಮನೆಯಲ್ಲಿ ಏನೇನಿತ್ತು, ಯಾವುದಕ್ಕೆ ಬೆಲೆ ಇತ್ತು ಎಂಬುದೂ ಇದರಲ್ಲೇ ಬಂತು. ತಾಳಿ ಹೋದರೆ ಮಾನ ಹೋಯಿತು, ಬೀಸುಕಲ್ಲು ಹೋದರೆ ನಾಳೆಯ ರೊಟ್ಟಿ ಹೋಯಿತು. ಆ ಮನೆಯವಳಿಗೆ ಎರಡೂ ಒಂದೇ ಸಾಲಿನ ನಷ್ಟ. ಬೀಸುಕಲ್ಲು ಎತ್ತಿಕೊಂಡು ಹೋದ ಸಿಪಾಯಿಯ ಮನೆಯಲ್ಲೂ ಬಡತನವೇ ಇದ್ದಿರಬೇಕು. ಇಲ್ಲದಿದ್ದರೆ ಅಷ್ಟು ಭಾರದ ಕಲ್ಲು ಯಾರಿಗೆ ಬೇಕು?

ಸ್ವಾತಂತ್ರ್ಯದ ಹಿಂದುಮುಂದಿನ ಕಾಲಕ್ಕೆ ಬಂದರೆ ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರಿದ್ದಾರೆ (1911–1985). ಅವರ ಸಂಸಾರದ ಕಾದಂಬರಿಗಳಲ್ಲಿ ಸೊಸೆಯರ ತಾಳ್ಮೆ ನನಗೆ ಕೆಲವೆಡೆ ಅತಿಯಾಗಿ ತೋರುತ್ತದೆ. ಆ ಅತಿಯೇ ಆ ದಶಕಗಳ ದಾಖಲೆ. ಅವರ ಕೃತಿಯಿಂದ ಬಂದ ‘ಸನಾದಿ ಅಪ್ಪಣ್ಣ’ ಚಿತ್ರವನ್ನು (1977) ಜನ ಇಂದಿಗೂ ಮರೆತಿಲ್ಲ. ರಾಜ್‌ಕುಮಾರರ ಅಪ್ಪಣ್ಣನಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ. ಮದುವೆಯ ಮಂಗಳಕ್ಕೆ ಅಪ್ಪಣ್ಣನ ಸನಾದಿ ಬೇಕೇ ಬೇಕು, ಅವನಿಗೆ ಮಾತ್ರ ಚಪ್ಪರದಾಚೆಯೇ ಜಾಗ. ಗಲಗಲಿ ಅವ್ವ ನಿಂತಿದ್ದ ಜಾಗವೂ ಅದೇ.

ಇವುಗಳಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ನಾನು ಹಲಗಲಿಯ ಪಟ್ಟಿಯನ್ನು ರನ್ನನ ರಣರಂಗದ ನಡಿಗೆಯ ಪಕ್ಕದಲ್ಲೇ ಇಡುತ್ತೇನೆ, ಒಂದು ಕೂದಲೆಳೆಯಷ್ಟೂ ಕೆಳಗಲ್ಲ. ಹತ್ತನೆಯ ತರಗತಿಯ ಪಠ್ಯದಲ್ಲಿ ಈ ಲಾವಣಿ ಬಂದಾಗ ಇಸವಿ, ಹೆಸರು, ಬಿಟ್ಟ ಸ್ಥಳ ತುಂಬಿಸುವುದಕ್ಕೇ ಪಾಠ ಮುಗಿದುಹೋಗುವುದುಂಟು. ಕನ್ನಡ ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ಒಂದು ವಿನಂತಿ: ಲೂಟಿಯ ಆ ಸಾಲುಗಳನ್ನು ದಯವಿಟ್ಟು ಧಾಟಿ ಹಿಡಿದು, ನಿಧಾನವಾಗಿ, ಒಂದೊಂದು ಸಾಮಾನಿಗೂ ನಿಂತು ಹಾಡಿಸಿ.